ಹಗ್ಗದೊಳಗಿನ ಹೆರೆಮಣೆ

"ಮುಟ್ಟಬೇಡಿ" ಎಂದು ಬರೆಯುವುದು ನನ್ನ ಹೊಟ್ಟೆಪಾಡು. ಮೊದಲು ಅಬುಧಾಬಿ ಕಡೆಯ ರುವೈಸ್‌ನಲ್ಲಿ, ಈಗ ದುಬೈಯಲ್ಲಿ, ಯಂತ್ರಗಳ ಮೇಲೆ ಹಳದಿ ಫಲಕ ಅಂಟಿಸಿ ಜನರ ಕೈಕಾಲು ಉಳಿಸುವ ಸೇಫ್ಟಿ ಆಫೀಸರ್ ನಾನು. ಹಾಗಾಗಿ ನಮ್ಮ ಊರಿನವರ ಸಂಘ "ನೂರೈವತ್ತು ವರ್ಷ ಹಿಂದಿನ ನಮ್ಮ ಹಳ್ಳಿ" ಎಂಬ ಪ್ರದರ್ಶನಕ್ಕೆ ಹೊರಟಾಗ ಫಲಕ ಬರೆಯುವ ಕೆಲಸ ನನ್ನ ತಲೆಗೇ ಬಂತು. ಸ್ಥಳ, ದುಬೈಯದೇ ಅಲ್ ಮುರಕ್ಕಬಾತ್‌ನ ಒಂದು ಹೋಟೆಲಿನ ಎರಡನೇ ಮಹಡಿಯ ಹಾಲ್. ಹಳ್ಳಿಗೆ ಲಿಫ್ಟಿನಲ್ಲಿ ಹೋಗಬೇಕು.

ನಮ್ಮ ಅಧ್ಯಕ್ಷರಿಗೆ ಹಳ್ಳಿಯ ಮೇಲೆ ಅಪಾರ ಪ್ರೀತಿ. ಎಷ್ಟೆಂದರೆ, ಮೂವತ್ತು ವರ್ಷದಿಂದ ಅಲ್ಲಿಗೆ ಹೋಗಿ ಅದಕ್ಕೆ ತೊಂದರೆ ಕೊಟ್ಟವರಲ್ಲ. "ಒಂದೊಂದು ಮನೆಯಿಂದ ಒಂದೊಂದು ಹಳೇ ಸಾಮಾನು ಬರ್ಲೇಬೇಕು. ಯಲ್ಲಾ, ಬೇಗ ಬೇಗ ಹುಡುಕಿ!" ಎಂದು ಮೀಟಿಂಗಿನಲ್ಲಿ ಅಪ್ಪಣೆ ಕೊಟ್ಟರು. ಲಾಟೀನು ಬಂತು, ಇದ್ದಿಲಿನ ಇಸ್ತ್ರಿಪೆಟ್ಟಿಗೆ ಬಂತು, ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ ಬಂತು. ಬೀಸುವ ಕಲ್ಲನ್ನು ವಿಮಾನದಲ್ಲಿ ತರುವ ಧೈರ್ಯ ಯಾರಿಗೂ ಬರದೆ ಥರ್ಮೊಕೋಲಿನಲ್ಲಿ ಮಾಡಿ ಬೂದು ಬಣ್ಣ ಬಳಿದರು. ಎಸಿ ಗಾಳಿಗೆ ಅದು ಎರಡು ಸಲ ಕೆಳಗೆ ಬಿತ್ತು.

ನನ್ನ ಪಾಲಿನದು ಅಮ್ಮನ ಹೆರೆಮಣೆ. ಹಲಗೆಯ ತುದಿಗೆ ಹಲ್ಲುಳ್ಳ ಕಬ್ಬಿಣದ ನಾಲಿಗೆ. ಹಲಗೆಯ ಮೇಲೆ ಕೂತು ತೆಂಗಿನಕಾಯಿ ತುರಿಯುವುದು. ವಿಸಿಟ್ ವೀಸಾದಲ್ಲಿ ಮೂರು ತಿಂಗಳಿಗೆಂದು ಬಂದ ಅಮ್ಮ ಅದನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಮಗಳ ಕಾಲಿಗೆ ತಾಗೀತೆಂದು ನಾನು ಅದಕ್ಕೆ ಪೇಪರ್ ಸುತ್ತಿ ಕಪಾಟಿನ ಮೇಲಿಟ್ಟಿದ್ದೆ. ತುರಿದ ಕಾಯಿ ಪ್ಯಾಕೆಟ್ಟಿನಲ್ಲಿ ಸಿಗುವ ಊರಿನಲ್ಲಿ ಅದು ಯಾಕೆ? ಇಂಡಕ್ಷನ್ ಒಲೆಯಾಗಲಿ, ಮಿಕ್ಸಿಯಾಗಲಿ, ವಾಷಿಂಗ್ ಮೆಷಿನ್ನಾಗಲಿ, ಅಮ್ಮ ಕೈ ಚಾಚಿದರೆ ಸಾಕು, ನಾನು "ಮುಟ್ಟಬೇಡಮ್ಮ" ಎನ್ನುತ್ತಿದ್ದೆ. ಎಂಟು ವರ್ಷದ ಮಗಳು "ಅಜ್ಜಿ, ಡೋಂಟ್ ಟಚ್!" ಎಂದು ಕಿರುಚುತ್ತಿದ್ದಳು. ಹೆಂಡತಿ ಮಾತ್ರ ಬಹಳ ಮೆತ್ತಗೆ, "ನೀವು ಕೂತ್ಕೊಳ್ಳಿ ಅತ್ತೆ" ಎನ್ನುತ್ತಿದ್ದಳು.

ಎರಡು ವಾರ ಕೂತ ಮೇಲೆ ಅಮ್ಮ ಹೇಳಿದಳು, "ಟಿಕೆಟು ಬೇಗದ್ದು ಮಾಡ್ಸು ಮಗ. ಇಲ್ಲಿ ನಂಗೆ ಎಂತ ಕೆಲಸ ಉಂಟು? ಕೂತು ಕೂತು ಸೊಂಟ ಹಿಡೀತದೆ."

ನನಗೆ ನಿಜಕ್ಕೂ ನೋವಾಯಿತು. ಮೂರು ವರ್ಷ ಗೋಗರೆದು ಕರೆಸಿಕೊಂಡಿದ್ದೆ. ಹೀಗೆ ಎದ್ದು ಹೋದರೆ ಅವಳು ಮತ್ತೆ ಬರುವವಳಲ್ಲ ಎಂದು ಗೊತ್ತಿತ್ತು. ನಾಲ್ಕು ಜನರ ನಡುವೆ ಬೇಜಾರು ಕಳೆದೀತೆಂದು ಪ್ರದರ್ಶನದ ಮಾತೆತ್ತಿದೆ. ಅತ್ತ ಅಧ್ಯಕ್ಷರು, "ಅಮ್ಮ ಬಂದಿದ್ದಾರಾ? ಭಾರೀ ಒಳ್ಳೇದಾಯ್ತು ಮಾರಾಯ್ರೇ, ಒರಿಜಿನಲ್ ಅಜ್ಜಿಯೇ ಸಿಕ್ಕಿದ್ರು!" ಎಂದು ಕುಣಿದಾಡಿದರು.

ನಾನು ಬರೆದ ಫಲಕವನ್ನು ಅಮ್ಮ ಕನ್ನಡಕ ಏರಿಸಿ ಓದಿದಳು. "ಹೆರೆಮಣೆ. ಹತ್ತೊಂಬತ್ತನೇ ಶತಮಾನದ ಗೃಹೋಪಯೋಗಿ ಆವಿಷ್ಕಾರ."

"ಇದು ಆಚಾರಿ ಮಾಡಿ ಕೊಟ್ಟದ್ದು ನೀನು ಹುಟ್ಟಿದ ವರ್ಷ. ನಿಂಗೂ ನೂರೈವತ್ತು ಆಯ್ತಾ?"

"ಈ ಬಗೆಯದ್ದು ಹಳೇದು ಅಂತ ಅಮ್ಮ."

"ಕಂಡುಹಿಡಿದದ್ದು ಯಾರಂತೆ?"

"ಗೊತ್ತಿಲ್ಲ."

"ಹೆಂಗಸೇ ಇರ್ಬೇಕು. ನಮ್ಮ ಭಾರಕ್ಕೇ ಮಣೆ ಅಲುಗುದಿಲ್ಲ, ಎರಡು ಕೈಯೂ ಕಾಯಿಗೆ. ಗಂಡಸು ಮಾಡಿದ್ರೆ ಮಣೆ ಹಿಡ್ಕೊಳ್ಲಿಕ್ಕೆ ಇನ್ನೊಬ್ಬ ಬೇಕಿತ್ತು."

ಇಪ್ಪತ್ತು ವರ್ಷ ಯಂತ್ರಗಳ ನಡುವೆ ಇದ್ದ ನನಗೆ ಇದು ಹೊಳೆದಿರಲಿಲ್ಲ.

ಶುಕ್ರವಾರ ಅಮ್ಮನನ್ನು ಪ್ಲಾಸ್ಟಿಕ್ ಬಾಳೆಗಿಡದ ಕೆಳಗೆ ಹೆರೆಮಣೆಯ ಮೇಲೆ ಕೂರಿಸಿದರು. ಸುತ್ತ ಕೆಂಪು ವೆಲ್ವೆಟ್ಟಿನ ಹಗ್ಗ. ಎದುರಿಗೆ ನನ್ನದೇ ಕೈಬರಹದ "ದಯವಿಟ್ಟು ಮುಟ್ಟಬೇಡಿ". ಕೈಯಲ್ಲಿ ಅರ್ಧ ಹೋಳು ಕಾಯಿ. ಜನ ಬಂದರು, ಹಗ್ಗದಾಚೆ ನಿಂತು ಸೆಲ್ಫಿ ತೆಗೆದುಕೊಂಡರು, ಊರು ನೆನಪಾಯಿತೆಂದು ಕಣ್ಣೊರೆಸಿಕೊಂಡು ಬಫೆ ಕಡೆಗೆ ನಡೆದರು. ಒಂದು ಮಗು ತನ್ನ ತಾಯಿಯನ್ನು ಕೇಳಿತು, "ಮಮ್ಮಿ, ಈಸ್ ಶೀ ರಿಯಲ್?"

ಅಮ್ಮ ಆ ಕ್ಷಣಕ್ಕೆ ಕಾದಿದ್ದವಳಂತೆ ತುರಿಯಲು ಶುರುಮಾಡಿದಳು. ಕರಕರ ಸದ್ದಿಗೆ ಹಾಲ್ ಪೂರಾ ತಿರುಗಿ ನೋಡಿತು. ಬಿಳಿ ತುರಿ ಹೋಟೆಲಿನ ಕಾರ್ಪೆಟ್ಟಿನ ಮೇಲೆ ಉದುರಿತು. ಮ್ಯಾನೇಜರ್ ಓಡಿ ಬಂದ, ಅವನ ಹಿಂದೆಯೇ ಅಧ್ಯಕ್ಷರು ಬಂದರು. "ಅಮ್ಮ, ನಿಜವಾಗಿ ತುರೀಬೇಡಿ. ಆಕ್ಷನ್ ಮಾತ್ರ ಸಾಕು."

ಅಮ್ಮ ಅಲ್ಲೇ ಹಗ್ಗದಾಚೆ ನಿಂತಿದ್ದ ನನ್ನ ಮುಖ ನೋಡಿದಳು. ನಾನು ಸಂಘದ ಮರ್ಯಾದೆ ಕಾಯ್ದವನು. "ಹೌದಮ್ಮ, ಮುಟ್ಟಬೇಡ, ಸುಮ್ಮನೆ ಕೂತಿರು" ಎಂದೆ. ಇನ್ನೂ ಎರಡು ತಾಸು ಅವಳು ಹಾಗೇ ಕೂತಳು. ಬಫೆಯ ಚಟ್ನಿ ಪ್ಯಾಕೆಟ್ ಕಾಯಿಯದ್ದಾಗಿತ್ತು. ಕೊನೆಗೆ ಸಂಘ ಕೊಟ್ಟ ಬಹುಮಾನಗಳಲ್ಲಿ ನಮ್ಮ ಹೆರೆಮಣೆಗೆ ಎರಡನೆಯದು ಬಂತು. ಮೊದಲನೆಯದು ಥರ್ಮೊಕೋಲಿನ ಬೀಸುವ ಕಲ್ಲಿಗೆ. ಕಾರಿನಲ್ಲಿ ಅಮ್ಮ ತನ್ನ ಚೀಲವನ್ನು ಮಡಿಲಿಂದ ಕೆಳಗಿಡಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಮಾಡಲು ಅಡುಗೆಮನೆಗೆ ಹೋದರೆ ಇಂಡಕ್ಷನ್ ಒಲೆಯ ಮೇಲೆ ನನ್ನ ಫಲಕ ನಿಂತಿತ್ತು. "ದಯವಿಟ್ಟು ಮುಟ್ಟಬೇಡಿ." ಹೋಟೆಲಿನಿಂದ ಅಮ್ಮ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು.

"ಇದೆಂತ ಅಮ್ಮ?"

"ಅಲ್ಲಿ ನೋಡುವಾಗ ಅನ್ನಿಸ್ತು, ಇದು ಇರ್ಬೇಕಾದ್ದು ನಮ್ಮ ಮನೆಯಲ್ಲಿ ಅಂತ. ದಿನಾ ಬಾಯಲ್ಲಿ ಹೇಳಿ ನಿಂಗೂ ಸಾಕಾಗಿರ್ತದಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. "ಟಿಕೆಟು ಮಾಡ್ಸಿದ್ಯಾ?"

ನನಗೆ ನಾಚಿಕೆಯಾಯಿತು. ಕಂಪನಿಗೆ ಬರುವ ಹೊಸಬರಿಗೆ, ಅವರ ಭಾಷೆ ಯಾವುದೇ ಇರಲಿ, ಮೊದಲ ದಿನವೇ ಯಂತ್ರ ತೋರಿಸಿ, ಚಾಲೂ ಮಾಡುವುದು ಹೇಗೆ, ನಿಲ್ಲಿಸುವುದು ಹೇಗೆ ಎಂದು ಕಲಿಸುವುದೂ ನನ್ನ ಕೆಲಸವೇ. ಅದಕ್ಕೆ ಹತ್ತು ನಿಮಿಷ ಸಾಕು. ಅಮ್ಮ ಬಂದು ಹದಿನಾರು ದಿನವಾಗಿತ್ತು.

ಫಲಕ ತೆಗೆದು ಕಸದ ಡಬ್ಬಿಗೆ ಹಾಕಿದೆ. ಮತ್ತೆ ಕಪಾಟಿನ ಮೇಲೇರಿದ್ದ ಹೆರೆಮಣೆಯನ್ನು ಇಳಿಸಿ ನೆಲಕ್ಕಿಟ್ಟೆ. ಆಮೇಲೆ ಅಮ್ಮನ ಬೆರಳು ಹಿಡಿದು ಒಲೆಯ ಮೇಲಿಟ್ಟೆ. ಇದನ್ನು ಒತ್ತಿದರೆ ಹೊತ್ತಿಕೊಳ್ಳುತ್ತದೆ, ಇದು ಹೆಚ್ಚು, ಇದು ಕಡಿಮೆ, ಮತ್ತೆ ಒತ್ತಿದರೆ ಖಲಾಸ್.

ಅಮ್ಮ ಒಮ್ಮೆ ಒತ್ತಿದಳು. ಕೆಂಪು ದೀಪ ಬಂತು. ಮತ್ತೆ ಒತ್ತಿದಳು. ಹೋಯಿತು.

"ಇಷ್ಟೆಯಾ?" ಎಂದಳು. "ಇಷ್ಟಕ್ಕೆ ಹದಿನಾರು ದಿನ ನನ್ನನ್ನು ಹಗ್ಗದ ಒಳಗೆ ಕೂರಿಸಿದೆಯಾ?"

ಹಾಗೆನ್ನುತ್ತಲೇ ಅವಳು ಸೆರಗು ಸಿಕ್ಕಿಸಿ ಹೆರೆಮಣೆಯ ಮೇಲೆ ಕೂತಾಗಿತ್ತು. "ಟಿಕೆಟಿನ ವಿಷಯ ಆಮೇಲೆ ನೋಡುವ. ಮೊದಲು ಒಂದು ಕಾಯಿ ಒಡೆದು ಕೊಡು."