ಕಾವಿಗೆ ಕೂರದ ಬಿಳಿ ಕೋಳಿಗಳು

ಯಡಿಯೂರಿನ ಮಂಗಮ್ಮನಿಗೆ ಕೋಳಿಯ ವಿಷಯದಲ್ಲಿ ಬುದ್ಧಿ ಹೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಮರಿ ಬಲಿತು ಹ್ಯಾಟೆಯಾಗುವ ಹೊತ್ತಿಗೆ ಕೈಗೆತ್ತಿಕೊಂಡು, ರೆಕ್ಕೆ ಬಿಡಿಸಿ, ಕಾಲು ಮುಟ್ಟಿ ನೋಡಿ, ಇದು ಮೊಟ್ಟೆಗೆ, ಇದು ಮರಿ ಮಾಡುವುದಕ್ಕೆ, ಇದು ಸಾರಿಗೆ ಎಂದು ವಿಂಗಡಿಸಿಬಿಡುತ್ತಿದ್ದಳು. ಅವಳ ಲೆಕ್ಕ ತಪ್ಪುತ್ತಿದ್ದದ್ದು ಅಪರೂಪ. ತಪ್ಪಿದಾಗ ಕೋಳಿಯನ್ನೇ ಬೈಯುತ್ತಿದ್ದಳು. ಹೊಲವೆಲ್ಲ ಜಯನಗರದ ಬಡಾವಣೆಗೆ ಹೋದ ಮೇಲೆ ಗಂಡ ಬೈರಣ್ಣ ಅದೇ ಹೊಲದಲ್ಲಿ ಏಳುತ್ತಿದ್ದ ಮನೆಗಳಿಗೆ ಗಾರೆ ಕೆಲಸಕ್ಕೆ ಹೋಗತೊಡಗಿದ. ಮಂಗಮ್ಮನಿಗೆ ಉಳಿದದ್ದು ಒಂದು ಹೆಂಚಿನ ಮನೆ, ಅದರ ಹಿಂದೆ ಅಂಗೈಯಗಲದ ಹಿತ್ತಿಲು, ಹಿತ್ತಿಲ ತುಂಬ ಕೋಳಿ, ಮತ್ತು ಒಬ್ಬಳೇ ಮಗಳು ಮುನಿರತ್ನ.

ರತ್ನನನ್ನು ಬೇಗೂರಿನ ರಾಮಯ್ಯನಿಗೆ ಕೊಟ್ಟಿದ್ದರು. ಹುಡುಗ ಒಳ್ಳೆಯವನು, ಮನೆ ತುಂಬಿದ ಮನೆ. ಅತ್ತೆ ಲಕ್ಷ್ಮಿದೇವಮ್ಮ ಮಾತ್ರ ಮನಸ್ಸಿಗೆ ಬಂದದ್ದನ್ನು ಹಾಗೇ ಆಡುವ ಹೆಂಗಸು. ಮದುವೆಯ ಮಾರನೆಯ ದಿನ ಯಡಿಯೂರಿನ ಮನೆಯ ಹಿತ್ತಿಲು ನೋಡಿ, "ಇಷ್ಟ್ ಜಾಗದಲ್ಲಿ ಬಾಣಂತನ ಹೆಂಗ್ ಮಾಡ್ತೀರವ್ವ?" ಎಂದಿದ್ದಳು. ಅವಳ ಮಟ್ಟಿಗೆ ಅದು ಬರೀ ಪ್ರಶ್ನೆ. ಮಂಗಮ್ಮನಿಗೆ ಮಾತ್ರ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಮಗಳ ಮೊದಲ ಬಾಣಂತನ ಎಂಥದ್ದೆಂದು ತೋರಿಸಿಯೇ ತೀರಬೇಕೆಂದು ಅಂದೇ ನಿಶ್ಚಯಿಸಿದಳು.

ಆ ಕಡೆಯ ಒಕ್ಕಲು ಮನೆಗಳಲ್ಲಿ ಒಂದು ಪದ್ಧತಿ. ಮಗಳು ಬಸುರಿ ಎಂಬ ಸುದ್ದಿ ಬಂದ ವಾರದಲ್ಲೇ ತಾಯಿ ಒಂದು ಕೋಳಿಯನ್ನು ಮೊಟ್ಟೆಯ ಮೇಲೆ ಕಾವಿಗೆ ಕೂರಿಸುತ್ತಾಳೆ. ಮಗಳ ಹೊಟ್ಟೆಯಲ್ಲಿ ಕೂಸು ಬೆಳೆಯುತ್ತದೆ, ತಾಯಿಯ ಹಿತ್ತಿಲಲ್ಲಿ ಮರಿಗಳು ಬೆಳೆಯುತ್ತವೆ. ಬಾಣಂತಿ ಕೈ ತೊಳೆದು ಉಣ್ಣಲು ಕೂರುವ ಹೊತ್ತಿಗೆ ಹುಂಜಗಳು ಸಾರಿಗೆ ಸರಿಯಾಗಿ ಬಲಿತಿರುತ್ತವೆ. ಸಂತೆಯಿಂದ ತಂದ ಕೋಳಿ ಇದಕ್ಕೆ ಸಲ್ಲುವುದಿಲ್ಲ, ಅದು ಏನು ತಿಂದು ಬೆಳೆದದ್ದೋ ಯಾರಿಗೆ ಗೊತ್ತು.

ಮದುವೆಯಾದ ವರ್ಷವೇ ಕೋಳಿಯ ತಕರಾರು ಶುರುವಾಯಿತು. ಹಿತ್ತಿಲ ಗೋಡೆಯಾಚೆ ಹೊಸ ಮನೆ ಕಟ್ಟಿಸಿಕೊಂಡು ಬಂದಿದ್ದ ಸತ್ಯಭಾಮಮ್ಮ, ನಿವೃತ್ತ ಇಂಜಿನಿಯರ ಹೆಂಡತಿ, ಬಾಗಿಲಿಗೇ ಬಂದು ನಿಂತರು.

"ನೋಡಮ್ಮ, ಸೇವಂತಿಗೆ ಸಸಿ ಒಂದೂ ಬಿಟ್ಟಿಲ್ಲ ನಿಮ್ಮ ಕೋಳಿಗಳು. ಬೇರು ಸಮೇತ ಕೆದಕಿ ಹಾಕಿವೆ. ಕಟ್ಟಿಹಾಕಕ್ಕಾಗಲ್ವಾ?"

ನಾಟಿ ಕೋಳಿಯನ್ನು ಕಟ್ಟಿಹಾಕುವುದೆಂದರೆ ಗಾಳಿಯನ್ನು ಕಟ್ಟಿಹಾಕಿದ ಹಾಗೆ. ಹೋದ ವರ್ಷದವರೆಗೆ ಅದು ಕೋಳಿಗಳದ್ದೇ ರಾಗಿ ಹೊಲವಾಗಿತ್ತು, ಅವುಗಳಿಗೆ ಸೇವಂತಿಗೆ ಯಾವುದು ಹುಲ್ಲು ಯಾವುದು ಎಂದು ಹೇಳಿದವರಾರು? ಆದರೂ ಮಂಗಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು.

ದಾರಿ ತೋರಿಸಿದವನು ಅವಳ ಅಣ್ಣ ಬೋರಣ್ಣ. ಅವನು ಒಂದು ಕೋಳಿ ಫಾರಂನಲ್ಲಿ ಕೂಲಿಗಿದ್ದ. ಗೂಡಿನಲ್ಲೇ ಇರುವ ಜಾತಿ ತರುತ್ತೇನೆ, ಕೆಂಪು ಬೇಕೋ ಬಿಳಿ ಬೇಕೋ ನೀನೇ ಹೇಳು ಎಂದ.

"ಕೆಂಪಿನವು ಮೊಟ್ಟೆನೂ ಇಡ್ತವೆ, ಮಾಂಸಕ್ಕೂ ಆಗ್ತವೆ, ಒಂದೊಂದು ಕಾವಿಗೂ ಕೂರ್ತವೆ. ಬಿಳೇವು ಬರೀ ಮೊಟ್ಟೆಗೆ. ಕಾವಿನ ಯೋಚ್ನೆನೇ ಇಲ್ಲ ಅವಕ್ಕೆ."

ಕಾವಿಗೆ ಕೂರುವುದಿಲ್ಲ ಎಂಬುದೇ ಮಂಗಮ್ಮನಿಗೆ ಹಿಡಿಸಿತು. ಅವಳ ನಾಟಿ ಕೋಳಿಗಳು ಒಂದಿಷ್ಟು ಮೊಟ್ಟೆಯಿಟ್ಟು ಕಾವಿಗೆ ಕೂತುಬಿಟ್ಟರೆ ಮುಗಿಯಿತು, ಮುಟ್ಟಿದರೆ ಕುಕ್ಕುತ್ತಿದ್ದವು, ತಿಂಗಳುಗಟ್ಟಲೆ ಒಂದು ಮೊಟ್ಟೆ ಕಾಣುತ್ತಿರಲಿಲ್ಲ. "ಬಿಳೇವೇ ತತ್ತಾ ಅಣ್ಣಯ್ಯ" ಎಂದಳು. ಗೂಡಿನಲ್ಲಿ ಜಾಗ ಬೇಕಲ್ಲ, ನಾಟಿ ಕೋಳಿಗಳನ್ನು ಒಂದೂ ಉಳಿಸಿಕೊಳ್ಳದೆ ಮಾರ್ಕೆಟ್ಟಿನ ಸಾಬರಿಗೆ ಮಾರಿದಳು. ನಲವತ್ತು ವರ್ಷ ಕೋಳಿ ಸಾಕಿದ ಹೆಂಗಸು, ಕಾವಿಗೊಂದಿರಲಿ ಎಂದು ಒಂದನ್ನಾದರೂ ಇಟ್ಟುಕೊಳ್ಳಬಾರದಿತ್ತೇ? ಕೈ ಪಳಗಿದವರೇ ಇಂಥ ತಪ್ಪು ಮಾಡುವುದು.

ಬಿಳಿ ಕೋಳಿಗಳು ಮಾತಿಗೆ ತಪ್ಪಲಿಲ್ಲ. ದಿನಾ ಮೊಟ್ಟೆ. ಮನೆಗಾಗಿ ಮಿಕ್ಕಿದ್ದನ್ನು ಮಿಲಿಟರಿ ಹೋಟೆಲಿನವನು ಬಂದು ಒಯ್ಯುತ್ತಿದ್ದ. ಸತ್ಯಭಾಮಮ್ಮ ಗೋಡೆಯಾಚೆಯಿಂದ ನಗತೊಡಗಿದರು. ಮಂಗಮ್ಮ ಬೀಗಿದಳು.

ಅಂಥ ದಿನಗಳಲ್ಲೇ ಬೇಗೂರಿನಿಂದ ಸುದ್ದಿ ಬಂತು. ರತ್ನನಿಗೆ ಮೂರು ತಿಂಗಳು.

ಮಂಗಮ್ಮ ಸಂಭ್ರಮದಿಂದ ಮಕ್ಕರಿಗೆ ಹುಲ್ಲು ಹಾಸಿ, ಬೀದಿಯವರಿಂದ ತಂದ ನಾಟಿ ಮೊಟ್ಟೆ ಜೋಡಿಸಿ, ಬಿಳಿ ಕೋಳಿಯೊಂದನ್ನು ಕೂರಿಸಿದಳು. ಅದು ಎದ್ದು ಬಂತು. ಮೇಲೆ ಕುಕ್ಕೆ ಕವುಚಿದಳು, ಒಳಗೇ ನಿಂತು ಮೊಟ್ಟೆ ತುಳಿದು ಒಡೆಯಿತು. ಕತ್ತಲೆ ಕೋಣೆಯಲ್ಲಿಟ್ಟಳು, ಬೇರೊಂದನ್ನು ಕೂರಿಸಿದಳು, ಬೈದಳು, ಮುನೇಶ್ವರನಿಗೆ ಹರಕೆ ಹೊತ್ತಳು. ಇಷ್ಟರಲ್ಲಿ ತಿಂಗಳುಗಳೇ ಸರಿದವು. ಕಡೆಗೆ ಕತ್ರಿಗುಪ್ಪೆಯ ನೆಂಟರ ಮನೆಯಿಂದ ಕಾವಿಗೆ ಬಂದ ನಾಟಿ ಕೋಳಿಯೊಂದನ್ನು ಮೊಟ್ಟೆ ಸಮೇತ ಬೇಡಿ ತಂದಳು. ಮರಿಗಳು ಹೊರಬಂದು ಚಿಂವ್‌ಗುಟ್ಟುವ ಹೊತ್ತಿಗೆ ರತ್ನನಿಗೆ ಏಳನೆಯ ತಿಂಗಳು ಹತ್ತಿರವಾಗಿತ್ತು.

ಬಾಣಂತನಕ್ಕೆ ಕರೆತರುವುದು ಏಳರಲ್ಲಿ, ಇಲ್ಲವೇ ಒಂಬತ್ತರಲ್ಲಿ. ಎಂಟರಲ್ಲಿ ಬಸುರಿ ಊರು ದಾಟುವಂತಿಲ್ಲ. ಅದು ಎಲ್ಲರೂ ಪಾಲಿಸುತ್ತಿದ್ದ ಕಟ್ಟು. ಕರೆತರುವ ದಿನ ಅತ್ತೆಮನೆಯ ಹೆಂಗಸರೂ ಜೊತೆಗೆ ಬಂದು, ಉಂಡು, ಹಿತ್ತಿಲು ಕೊಟ್ಟಿಗೆಯೆಲ್ಲ ಕಣ್ಣಾಡಿಸಿ ಹೋಗುವುದು ವಾಡಿಕೆ. ಲಕ್ಷ್ಮಿದೇವಮ್ಮ ಬಂದು ಈ ಬೆರಳುದ್ದದ ಮರಿಗಳನ್ನು ನೋಡಿ ಏನಂದಾಳು ಎಂಬ ಯೋಚನೆ ಮಂಗಮ್ಮನ ತಲೆಯನ್ನು ಕೊರೆಯಿತು.

ಏಳನೆಯ ತಿಂಗಳಲ್ಲಿ ರಾಮಯ್ಯನೇ ಬಂದ.

"ಅತ್ತೆ, ರತ್ನ ಕೇಳ್ತಾವ್ಳೆ, ಯಾವತ್ತು ಕರ್ಕೊಂಡ್ ಹೋಗ್ತೀರಿ ಅಂತ."

"ಒಂಬತ್ತಕ್ಕೆ ಬರ್ತೀನಿ ಅನ್ನಿ. ಬಾಣಂತನದ ಕೋಳಿ ಇನ್ನೂ ಸಣ್ಣವು."

ಅವನು ಗೂಡಿನ ಕಡೆ ನೋಡಿದ. "ಇಷ್ಟೊಂದ್ ಬಿಳೇ ಕೋಳಿ ಅವಲ್ಲ."

"ಅಯ್ಯೋ, ಅವು ಶೀತ. ಬಾಣಂತಿಗೆ ಕೊಡ್ತಾರಾ ಯಾರಾದ್ರೂ?" ಎಂದು ಮಂಗಮ್ಮ ನಕ್ಕಳು. ಅಳಿಯನಿಗೆ ಮೊಟ್ಟೆಯ ಪಲ್ಯ ಮಾಡಿ ಬಡಿಸಿದಳು. ಅವನು ಹೋದ ಮೇಲೆ ಬೈರಣ್ಣ, "ಮಾರ್ಕೆಟ್ಟಿಂದ ನಾಕು ಕೋಳಿ ತಂದು ಬಿಟ್ಕೊಂಡ್ರೆ ಆಗಲ್ವೇನೆ?" ಎಂದು ಕೇಳಿದ. ಅವಳು ಎದ್ದು ಮರಿಗಳಿಗೆ ಕುಕ್ಕೆ ಮುಚ್ಚಲು ಹೋದಳು. ಅವನು ಮತ್ತೆ ಕೇಳಲಿಲ್ಲ.

ಎಂಟನೆಯ ತಿಂಗಳ ನಡುವೆ, ಬೆಳಗ್ಗೆ ಮಂಗಮ್ಮ ಮರಿಗಳಿಗೆ ನುಚ್ಚು ಹಾಕುತ್ತಿದ್ದಾಗ ಬೇಗೂರಿನ ಆಳು ಬಂದು ಬಾಗಿಲಲ್ಲಿ ನಿಂತ. ರತ್ನನಿಗೆ ದಿನ ತುಂಬುವ ಮೊದಲೇ ನೋವು ಬಂದಿತ್ತು. ಸೂಲಗಿತ್ತಿಯ ಕೈಯಲ್ಲಿ ರಕ್ತ ನಿಲ್ಲಲಿಲ್ಲ. ಗಾಡಿಯಲ್ಲಿ ಮಲಗಿಸಿಕೊಂಡು ಬೆಂಗಳೂರಿನ ಕಡೆ ಹೊರಟರು, ಹೊಸೂರು ರಸ್ತೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಕೂಸೂ ಉಳಿದಿರಲಿಲ್ಲ. ಯಡಿಯೂರಿನ ಮನೆಯಿಂದ ದೊಡ್ಡಾಸ್ಪತ್ರೆಗೆ ಜಟಕಾದಲ್ಲಿ ಎಲೆಯಡಿಕೆ ಜಗಿದು ಮುಗಿಸುವಷ್ಟು ದಾರಿ. ಮಗಳು ಇಲ್ಲಿದ್ದಿದ್ದರೆ ಬದುಕುತ್ತಿದ್ದಳು. ಇದನ್ನು ಮಂಗಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ತಿಥಿಯ ದಿನ ಲಕ್ಷ್ಮಿದೇವಮ್ಮ ಬಂದು ಪಕ್ಕದಲ್ಲಿ ಕುಳಿತಳು. ಅತ್ತು ಅತ್ತು ಅವಳ ದನಿಯೂ ಬಿದ್ದುಹೋಗಿತ್ತು.

"ನಮ್ಮವ್ವ ಯಾಕ್ ಬರ್ಲಿಲ್ಲ ಅಂತ ದಿನಾ ಕೇಳಾಳು ಮಂಗಮ್ಮ. ಗಂಟು ಕಟ್ಕೊಂಡು ಜಗಲಿ ಮ್ಯಾಲೆ ಕೂರಾಳು. ನಿಮ್ಮನೇಲಿ ಏನಾರ ತೊಂದ್ರೆನೋ ಏನೋ, ನಾನೂ ಕೇಳಕ್ಕೆ ಹೋಗ್ಲಿಲ್ಲ."

ಮಂಗಮ್ಮ ಕೋಳಿಯ ವಿಷಯ ಹೇಳಿದಳು. ಬಿಳಿಯವು ಕಾವಿಗೆ ಕೂರದ್ದು, ಮರಿ ತಡವಾದದ್ದು, ಹಿತ್ತಿಲು ತೋರಿಸಲು ನಾಚಿಕೆಯಾದದ್ದು, ಎಲ್ಲ. ಲಕ್ಷ್ಮಿದೇವಮ್ಮ ಅವಳ ಕೈ ಹಿಡಿದುಕೊಂಡಳು.

"ನಮ್ಮನೇಲಿ ಕಾಳು ಹಾಕಿ ಕೂಗಿದ್ರೆ ಅಂಗಳ ತುಂಬ ಕೋಳಿ ಬರ್ತವಲ್ಲ ತಾಯಿ. ಹೇಳಿದ್ರೆ ನಾನೇ ಮಂಕರಿ ತುಂಬಿ ಕಳಿಸ್ತಿದ್ನಲ್ಲ."

ಸುಟ್ಟುಹೋಗುವಂತೆ ಬೈದಿದ್ದರೆ ಮಂಗಮ್ಮ ತಡೆದುಕೊಳ್ಳುತ್ತಿದ್ದಳೇನೋ. ಈ ಮಾತನ್ನು ಸಾಯುವವರೆಗೂ ತಡೆದುಕೊಳ್ಳಲಾಗಲಿಲ್ಲ.

ಮರಿಗಳು ಯಾರಿಗಾಗಿಯೂ ಕಾಯಲಿಲ್ಲ, ಬೆಳೆದವು. ಹುಂಜಗಳು ಕೂಗತೊಡಗಿದಾಗ ಕೆಳಗಿನ ಬೀದಿಯ ಮರಿಯಮ್ಮ, ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಎರಡು ಕೊಡು ಎಂದು ಕೇಳಲು ಬಂದಳು. ಮಂಗಮ್ಮ ಎಲ್ಲವನ್ನೂ ಹಿಡಿದು ಕೊಟ್ಟಳು. ಬಿಳಿಯವನ್ನು ಅಣ್ಣ ಬಂದು ಒಯ್ದ. ಆ ಮೇಲೆ ಆ ಹಿತ್ತಿಲಲ್ಲಿ ಕೋಳಿ ಇರಲಿಲ್ಲ. ಆದರೆ ಊರಲ್ಲಿ ಯಾವ ಹೆಣ್ಣುಮಗಳು ಬಸುರಿಯಾದರೂ ಯಾರೂ ಕರೆಯದಿದ್ದರೂ ಮಂಗಮ್ಮ ಅವಳ ತಾಯಿಯ ಮನೆಗೆ ಹೋಗಿ, "ಏಳರಲ್ಲೇ ಕರ್ಕೊಂಬಾ. ಗಂಜಿ ಇದ್ರೆ ಗಂಜಿ. ಕರ್ಕೊಂಬಾ" ಎಂದು ಹೇಳಿ ಬರುತ್ತಿದ್ದಳು. ಕೆಲವರಿಗೆ ಅದು ಅಪಶಕುನವೆನಿಸಿ ಮುಖ ತಿರುಗಿಸುತ್ತಿದ್ದರು. ಅವಳು ಮತ್ತೂ ಹೋಗುತ್ತಿದ್ದಳು.

ಬೈರಣ್ಣ ಒಂದು ದಿನವೂ ಅವಳನ್ನು ದೂರಲಿಲ್ಲ. ಅದೇ ಅವಳಿಗೆ ಹಿಂಸೆಯಾಯಿತು. ಒಂದು ಸಂಜೆ ಅವನು ಕೆಲಸದಿಂದ ಬಂದು ಕೈಯ ಗಾರೆ ತೊಳೆಯುತ್ತಿದ್ದಾಗ ಚೊಂಬು ಹಿಡಿದು ನೀರು ಹಾಕುತ್ತಿದ್ದವಳು ತಡೆಯಲಾರದೆ ಕೇಳಿಬಿಟ್ಟಳು.

"ಒಂದ್ಸಲನಾದ್ರೂ ಬೈಯ್ರಿ. ನಿನ್ನಿಂದ್ಲೇ ಹೋಯ್ತು ಮಗಳು ಅನ್ನಿ."

ಬೈರಣ್ಣ ಕೈ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನೀನು ಹೋಗ್ಲಿಲ್ಲ, ಸರಿ. ನಾನು ಅವಳಪ್ಪ ಅಲ್ವಾ ಮಂಗಿ? ನಾನೇ ಹೋಗಿ ಕರ್ಕೊಂಡು ಬರ್ಬೋದಿತ್ತಲ್ಲ."