ಚೌಡಮ್ಮನ ಆನೆ ಗಂಟೆ

ಪಾಳ್ಯದ ಆಚೆಗಿನ ಕಾಫಿ ಎಸ್ಟೇಟಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸ್ಟೋರ್ ಮುಂದಿನ ಹಲಸಿನ ಮರದಡಿ ಚೌಡಮ್ಮ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದಾರೆ. ಕೊಂಬೆಗೆ ರೈಲು ಕಂಬಿಯ ತುಂಡೊಂದನ್ನು ತೂಗುಬಿಟ್ಟಿದ್ದಾರೆ, ಅದೇ ಇಲ್ಲಿನ ಗಂಟೆ. ಕೈಯಲ್ಲಿ ಕಬ್ಬಿಣದ ಸಲಾಕೆ. ಹೊಡೆಯುವ ಮೊದಲು ಅವರು ಹಳ್ಳದ ಕಡೆ ಕಿವಿಗೊಡುತ್ತಾರೆ. ಬಿದಿರು ಮುರಿಯುವ ಸದ್ದಿಲ್ಲ, ಹಸಿ ಲದ್ದಿಯ ವಾಸನೆಯೂ ಇಲ್ಲ. ಆಮೇಲೆ ನಿಧಾನವಾಗಿ ಒಂದೊಂದೇ ಪೆಟ್ಟು. ಕೂಲಿಯವರ ಲೈನ್ ಮನೆಗಳಲ್ಲಿ ದೀಪಗಳು ಹತ್ತುತ್ತವೆ.

"ಇದು ಕೆಲಸದ ಗಂಟೆ. ಆನೆ ಗಂಟೆನೇ ಬ್ಯಾರೆ," ಎನ್ನುತ್ತಾರೆ ಚೌಡಮ್ಮ. "ಅದನ್ನ ಉಸಿರು ಬುಡದಂಗೆ ಬಡೀಬೇಕು. ಕೇಳಿಸ್ತಿದ್ದಂಗೆ ಕೈಲಿರೋದನ್ನ ಅಲ್ಲೇ ಬುಟ್ಟು ಸ್ಟೋರ್ ಅಂಗಳಕ್ಕೆ ಬಂದ್ಬುಡ್ಬೇಕು."

ಆನೆಗಳ ಸುದ್ದಿ ಈಗ ಮೊಬೈಲಿಗೂ ಬರುತ್ತದೆ. ಆದರೆ ತೋಟದ ತಗ್ಗಿನಲ್ಲಿ ಸಿಗ್ನಲ್ ಹುಡುಕಿಕೊಂಡು ನಿಲ್ಲುವಷ್ಟು ಹೊತ್ತು ಆನೆ ಕಾಯುವುದಿಲ್ಲ. ಹಾಗಾಗಿ ಕಂಬಿ ಉಳಿದುಕೊಂಡಿದೆ, ಜೊತೆಗೆ ಚೌಡಮ್ಮನೂ. ಮಗ್ಗೆಯಿಂದ ಮದುವೆಯಾಗಿ ಈ ಲೈನಿಗೆ ಬಂದವರು. ಗಂಟೆ ಹೊಡೆಯುತ್ತಿದ್ದ ಗಂಡ ಸೋಮಯ್ಯ ತೀರಿಕೊಂಡ ಮೇಲೆ ಸಲಾಕೆ ಇವರ ಕೈಗೆ ಬಂತು. ಗಂಟೆ ಹೊಡೆದದ್ದಕ್ಕೆ ಬೇರೆ ಕೂಲಿಯೇನೂ ಇಲ್ಲ. ಹೊಡೆದು ಮುಗಿಸಿ ಎಲ್ಲರ ಜೊತೆ ತೋಟಕ್ಕಿಳಿಯಬೇಕು.

ಈ ಗಂಟೆಯೂ ಒಂದು ಕಾಲದಲ್ಲಿ ಸುಳ್ಳು ಹೇಳಿತ್ತು. ಕೆಲವು ವರ್ಷಗಳ ಹಿಂದೆ, ಕೊಯ್ಲಿನ ಹೊತ್ತಿನಲ್ಲಿ ಕಣದ ತುಂಬ ಕಾಫಿ ಒಣಗುತ್ತಿದ್ದಾಗ ಅಕಾಲ ಮಳೆಯ ಮೋಡ ಕವಿಯಿತು. ಟಾರ್ಪಾಲು ಹೊದಿಸಲು ಜನ ಬೇಕು. ಕೆಲಸದ ಗಂಟೆ ಹೊಡೆದರೆ ಕಾಲೆಳೆದುಕೊಂಡು ಬರುತ್ತಾರೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಫಿಲಿಪ್ ಗಾಬರಿಯಲ್ಲಿ, "ಆನೆ ಗಂಟೆ ಹೊಡೆದುಬಿಡಿ ಚೌಡಮ್ಮ, ಓಡಿ ಬರ್ತಾರೆ" ಎಂದರು. ಜನ ಓಡಿಯೇ ಬಂದರು. ಕಾಫಿ ಉಳಿಯಿತು, ಎಲ್ಲರೂ ನಕ್ಕರು. ಸುಲಭದ ದಾರಿ ಒಮ್ಮೆ ಸಿಕ್ಕಿದರೆ ಬಿಡುವವರು ಯಾರು? ಮೋಡ ಕಂಡಾಗಲೆಲ್ಲ ಆನೆ ಗಂಟೆಯೇ ಆಯಿತು.

ಒಂದು ಬೆಳಿಗ್ಗೆ ನಿಜವಾಗಿಯೂ ಆನೆ ಬಂತು. ಚೌಡಮ್ಮ ತೋಳು ಸೋಲುವಂತೆ ಬಡಿದರು. ಹಳ್ಳದ ಪಕ್ಕ ಹಣ್ಣು ಕೊಯ್ಯುತ್ತಿದ್ದ ಮೋಹನ್ ತಲೆಯೆತ್ತಿ ಆಕಾಶ ನೋಡಿದ. ಮೋಡವಿತ್ತು. ಕಣ ಮುಚ್ಚಲು ಕರೆಯುತ್ತಿದ್ದಾರೆಂದು ಚೀಲ ತುಂಬಿಸುತ್ತ ನಿಂತ. ಆನೆಯ ಕಾಲಿಗೆ ಸಿಕ್ಕಿಯೂ ಜೀವ ಉಳಿದದ್ದೇ ಪುಣ್ಯ, ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ.

"ಎಲ್ಲಾರೂ ಅವನ್ನೇ ಬೈದ್ರು, ಸೋಮಾರಿ ಅಂತ. ಅವ್ನೂ ತಲೆ ತಗ್ಗಿಸ್ಕಂಡು ಹೂಂ ಅಂದ. ನಂಗೆ ಅನ್ನ ಇಳೀಲಿಲ್ಲ," ಎನ್ನುವಾಗ ಚೌಡಮ್ಮನ ದನಿ ಈಗಲೂ ಕುಗ್ಗುತ್ತದೆ. ಇನ್ನು ಸಲಾಕೆ ಮುಟ್ಟುವುದಿಲ್ಲವೆಂದು ಮನೆಯಲ್ಲಿ ಕುಳಿತ ಅವರನ್ನು ಮಾತಾಡಿಸಲು ಬಂದವರು ಫಿಲಿಪ್ ಅವರ ಅಕ್ಕ, ಸಕಲೇಶಪುರದ ನಿವೃತ್ತ ವಿಜ್ಞಾನ ಟೀಚರ್ ಪೆಟ್ರೀಷಿಯಾ. ಅವರು ರಷ್ಯಾದ ಶರೀರಶಾಸ್ತ್ರಜ್ಞ ಪಾವ್ಲೋವ್ ಕಂಡದ್ದನ್ನು ಹೇಳಿದರು. ಊಟ ತರುವವನ ಹೆಜ್ಜೆ ಸದ್ದಿಗೇ ನಾಯಿಗಳ ಬಾಯಲ್ಲಿ ಜೊಲ್ಲು ಬರುತ್ತಿತ್ತು. ಸದ್ದು ಮಾಡಿ ಊಟ ಕೊಡದೆ ಹೋದರೆ ಬರಬರುತ್ತ ಜೊಲ್ಲು ನಿಲ್ಲುತ್ತಿತ್ತು. ಸದ್ದಿನ ಹಿಂದೆ ಮತ್ತೆ ತಪ್ಪದೆ ಊಟ ಬಂದರೆ ಅದೂ ಮರಳುತ್ತಿತ್ತು.

"ನಮ್ಮನ್ನ ನಾಯಿ ಅಂದ್ರಾ ಟೀಚರಮ್ಮ?" ಎಂದು ಕೇಳಿದ್ದರಂತೆ ಚೌಡಮ್ಮ.

"ನಾನೂ ಹಾಗೇ ಚೌಡಮ್ಮ. ಶಾಲೆ ಬಿಟ್ಟು ಇಷ್ಟು ವರ್ಷ ಆಯ್ತು, ಎಲ್ಲಾದರೂ ಬೆಲ್ ಕೇಳಿದ್ರೆ ಇನ್ನೂ ಹಸಿವಾಗ್ತದೆ," ಎಂದು ನಕ್ಕ ಪೆಟ್ರೀಷಿಯಾ, ಆಮೇಲೆ ಮೆಲ್ಲಗೆ ಹೇಳಿದರಂತೆ: "ಜೊಲ್ಲು ನಿಂತದ್ದು ನಾಯಿಯ ಸೋಮಾರಿತನ ಅಲ್ಲ. ಸದ್ದು ಮಾತು ತಪ್ಪಿತ್ತು."

ಆ ಮಾತು ನಾಟಿತು. ಅಂದೇ ಚೌಡಮ್ಮ ಮೋಹನ್ ಮನೆಗೆ ಹೋಗಿ, "ತಪ್ಪು ನಿಂದಲ್ಲ ಕಣೋ, ಗಂಟೆದು" ಎಂದರು. ಫಿಲಿಪ್ ಕೂಡ ಹಾಜರಿಗೆ ನಿಂತ ಜನರೆದುರು ಅದನ್ನೇ ಒಪ್ಪಿಕೊಂಡರು. ಅಂದಿನಿಂದ ಮಳೆಗೆ ಸೀಟಿ, ಆನೆಗೆ ಮಾತ್ರ ಆ ಗಂಟೆ. ನಂಬಿಕೆ ಹೋದಷ್ಟು ಬೇಗ ಬರಲಿಲ್ಲ. ಗಂಟೆ ಕೇಳಿದಾಗ ಜನ ಮೊದಲು ಆಕಾಶ ನೋಡುತ್ತಿದ್ದರು, ಆಮೇಲೆ ಕಾಲು ಕೀಳುತ್ತಿದ್ದರು. ಪ್ರತಿ ಸಲವೂ ಹಳ್ಳದ ಬದಿಯಲ್ಲಿ ಆನೆ ನಿಜವಾಗಿಯೇ ಇರುತ್ತಿತ್ತು. ಬರಬರುತ್ತ ಆಕಾಶ ನೋಡುವುದು ನಿಂತಿತು.

ನಮ್ಮ ಪತ್ರಿಕೆಯ ಫೋಟೋಗ್ರಾಫರ್ ಚೌಡಮ್ಮನನ್ನು ಕಂಬಿಯ ಪಕ್ಕ ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಅಷ್ಟಕ್ಕೆ ಸಮಾಧಾನವಿಲ್ಲ. "ಒಂದೇ ಒಂದ್ಸಲ ಆನೆ ಗಂಟೆ ಹೊಡೀರಮ್ಮ, ವಿಡಿಯೋಗೆ" ಎನ್ನುತ್ತಾರೆ.

ಚೌಡಮ್ಮ ನಕ್ಕು ಸಲಾಕೆಯನ್ನು ಮರದ ಪೊಟರೆಗೆ ಸಿಕ್ಕಿಸುತ್ತಾರೆ.

"ಕಡುಬು ಬೇಯಿಸಿವ್ನಿ, ತಿಂದ್ಕಂಡು ಹೋಗಿ. ಅದೊಂದು ಮಾತ್ರ ಕೇಳ್ಬ್ಯಾಡಿ," ಎಂದು ಕೆಳಗಿನ ತೋಟದತ್ತ ಕೈ ತೋರಿಸುತ್ತಾರೆ. "ಮೋಹನ ಅಲ್ಲೇ ನರ್ಸರಿ ಗಿಡಕ್ಕೆ ನೀರು ಬುಡ್ತಾವ್ನೆ. ಕೇಳಿಸ್ಬುಟ್ರೆ ಆ ಕಾಲಲ್ಲೇ ಓಡಿ ಬತ್ತಾನೆ."