ಹಪ್ಪಳದ ದಿನ ನಾನು ಮೆತ್ತಗೆ ಮಾಡಿದ ಮಾತು

ನಲ್ಲಿ ನೀರು ಹಿಡಿದದ್ದು, ಹಾಲು ಕಾಯಿಸಿದ್ದು, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದ್ದು, ಮಹಡಿ ಗುಡಿಸಿ ಒರೆಸಿದ್ದು, ಮೂರು ಮನೆಯ ಲಟ್ಟಣಿಗೆಗಳನ್ನು ತೊಳೆದಿಟ್ಟದ್ದು, ಚಾಪೆಗಳ ಮೇಲೆ ಹಳೆಯ ಪಂಚೆ ಹಾಸಿದ್ದು. ಆ ದಿನ ಒಂಬತ್ತು ಗಂಟೆಯೊಳಗೆ ನಾನು ಮಾಡಿದ ಕೆಲಸ ಇಷ್ಟು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮದರಾಸಿನ ರಾಯಪುರಂನ ಆ ವಠಾರದಲ್ಲಿ ಕನ್ನಡದ ಮನೆಗಳು ಮೂರೇ: ನಮ್ಮದು, ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದ ಕುಂದಾಪುರದವಳದು, ಧಾರವಾಡದಾಕೆಯದು. ಮಹಡಿಯಲ್ಲಿ ನಿಂತರೆ ಬಂದರಿನ ಹಡಗುಗಳು ಬೆಳಗಿನ ಮಬ್ಬಿನಲ್ಲಿ ನೀರಿನ ಮೇಲಲ್ಲ, ಆಕಾಶದಲ್ಲೇ ತೇಲಿದಂತೆ ಕಾಣುತ್ತಿದ್ದವು. ಈಗ ನೆನೆದರೆ ನಾವೂ ಹಾಗೇ ತೇಲುತ್ತಿದ್ದೆವೇನೋ ಅನಿಸುತ್ತದೆ.

ಮರುದಿನ ನನ್ನ ಮಗಳನ್ನು ಕೊಡಲಿದ್ದ ಬೀಗರ ಮನೆಗೆ ರೈಲಿನಲ್ಲಿ ಹಪ್ಪಳದ ಬುಟ್ಟಿ ಹೋಗಬೇಕಿತ್ತು. ಮದುವೆಗೆ ಮುಂಚೆ ಹೆಣ್ಣಿನ ಮನೆಯವರು ಕೈಯಾರೆ ಮಾಡಿದ ಹಪ್ಪಳ ಕಳಿಸುವುದು ಅವರ ಕಡೆಯ ಪದ್ಧತಿ. ಬುಟ್ಟಿ ಖಾಲಿ ಹೋದರೆ ಮಗಳು ಜೀವಮಾನವಿಡೀ ಆ ಮಾತು ಕೇಳಬೇಕು. ನನ್ನೊಬ್ಬಳಿಂದ ಆಗುವ ಕೆಲಸವಲ್ಲ. ಉಪ್ಪು, ಖಾರದ ನೀರಿನ ಹದ ಗೊತ್ತಿದ್ದದ್ದು ಕುಂದಾಪುರದ ದೊಡ್ಡಕ್ಕನಿಗೆ. ಹಿಟ್ಟು ನಾದುವ ತೋಳು ಧಾರವಾಡದಾಕೆಯದು. ಅವರಿಬ್ಬರಿಗೆ ಹೋದ ಬೇಸಿಗೆಯಿಂದ ಮಾತಿರಲಿಲ್ಲ. ಆ ವರ್ಷದ ಹಪ್ಪಳ ಕರಿದಾಗ ಕೆಂಪಾಗಿತ್ತು, ತಪ್ಪು ನಿನ್ನದು ಅಂತ ಇಬ್ಬರೂ, ಅಷ್ಟೇ ಕಾರಣ.

ಕೈಮುಗಿದು ಇಬ್ಬರನ್ನೂ ಒಪ್ಪಿಸಿದ್ದೆ. ದೊಡ್ಡಕ್ಕ ಕೆಳಗೆ ಒಲೆಯ ಮುಂದೆ, ಧಾರವಾಡದಾಕೆ ಮೇಲೆ ಹಿಟ್ಟು ಕಲೆಸುವ ಪರಾತದ ಮುಂದೆ. ಇಬ್ಬರ ಮಾತು ಒಯ್ಯುತ್ತಾ ಮೆಟ್ಟಿಲ ಮೇಲೆ ನಾನು.

ನೀರಿನ ಪಾತ್ರೆ ಕೊಡುತ್ತಾ ದೊಡ್ಡಕ್ಕ, "ಉಪ್ಪು ನಾನೇ ಹಾಕಿ ಆಯ್ತ್ ಮಾರಾಯ್ತಿ. ಅವಳ ಧಾರಾಳ ಕೈ ಸೆರಗಿನೊಳಗೆ ಇಟ್ಕೊಳ್ಳಲಿ. ಇನ್ನೊಂದ್ ಹರಳು ಮುಟ್ಟೂದ್ ಬೇಡ ಅಂತ ಹೇಳ್" ಎಂದಳು.

ಮೆಟ್ಟಿಲು ಹತ್ತುವಷ್ಟರಲ್ಲಿ ಆ ಮಾತು ನನ್ನ ಬಾಯಲ್ಲಿ ಬೆಲ್ಲವಾಯಿತು. "ಉಪ್ಪು ನಿಮ್ಮ ಕೈಯಳತೆಗೇ ಬಿಟ್ಟಿದ್ದಾರಂತೆ" ಅಂದುಬಿಟ್ಟೆ.

ಧಾರವಾಡದಾಕೆಯ ಮುಖ ಅರಳಿತು. "ಈಗರ ಬುದ್ಧಿ ಬಂತಲ್ರೀ! ಹೋದ ವರ್ಷ ಕೆಂಪಾಗಿದ್ದು ಅವರ ಎಣ್ಣಿ ಕಾದದ್ದಕ್ಕ, ಅದನ್ನೂ ಹೇಳ್ರಿ ಅವರಿಗೆ" ಅನ್ನುತ್ತಾ, ನಾನು ತಡೆಯುವ ಮೊದಲೇ ಎರಡು ಹಿಡಿ ಉಪ್ಪು ಸುರಿದು ನಾದಲು ಕೂತಳು. ನಾನು ಕೆಳಗಿಳಿದು, "ಚೆನ್ನಾಗಿದ್ದೀರಾ ಅಂತ ನಿಮ್ಮನ್ನ ಕೇಳಿದ್ಲು ಅಕ್ಕಾ" ಎಂದೆ.

ಹಿಟ್ಟಿನ ರುಚಿ ನೋಡಿದವಳು ಮಗಳು. ಮದರಾಸಿನಲ್ಲೇ ಬೆಳೆದವಳು, ನಾಲಿಗೆಯ ಮೇಲೆ ತಮಿಳೇ ಮೊದಲು. "ಅಮ್ಮಾ, ಒರೇ ಉಪ್ಪು!" ಎಂದು ಕೂಗಿದಳು, ಬರೀ ಉಪ್ಪು ಅಂತ. ಒಂದು ಚಿಟಿಕೆ ನಾನೂ ಬಾಯಿಗೆ ಹಾಕಿಕೊಂಡೆ. ಬಂಗಾಳ ಕೊಲ್ಲಿಯನ್ನೇ ನುಂಗಿದಂತಾಯಿತು.

ಕೂಗು ಕೇಳಿ ದೊಡ್ಡಕ್ಕ ಮೇಲೆ ಬಂದಳು. "ಬೇಡ ಅಂದ್ರೂ ಹಾಕ್ದ್ಯಲ್ಲೇ!"

"ಯಾರು ಬ್ಯಾಡ ಅಂದ್ರು? ನನ್ನ ಕೈಗೇ ಬಿಟ್ಟೀನಿ ಅಂದವರು ನೀವು!"

ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು. ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ. ಬೆಲ್ಲ ತೆಗೆದರೆ ಆ ಮಾತುಗಳು ಎಷ್ಟು ಖಾರವೆಂದು ಹೇಳುವಾಗ ನನಗೇ ನಾಚಿಕೆಯಾಯಿತು. ಧಾರವಾಡದಾಕೆ ಮೊದಲು ನಕ್ಕಳು. "ಎವ್ವಾ, ಇಂಥಾ ಪೋಸ್ಟ್‌ಮನ್ ಇದ್ರ ಊರೇ ಮುಳಗತೈತಿ!"

"ನಿನ್ ಧಾರಾಳ ಕೈ ಅಂತ ನಾನ್ ಹೇಳಿದ್ದ್ ಹೌದು" ಅಂದಳು ದೊಡ್ಡಕ್ಕ, ಮುಖ ನೋಡದೆ.

"ನಿಮ್ಮ ಎಣ್ಣಿ ಅಂದದ್ದೂ ಖರೇನ."

ಆಮೇಲೆ ದೊಡ್ಡಕ್ಕ ಸೆರಗು ಸಿಕ್ಕಿಸಿ, "ಉಪ್ಪು ತಗ್ಗೂಕೆ ಇನ್ನೆರಡು ಪಟ್ಟು ಉದ್ದಿನ ಹಿಟ್ಟು ಬೇಕು. ಒರಳಿಗೆ ಹಾಕು, ಕುಟ್ಟುವ" ಎಂದಳು. ಮೂರೂ ಮನೆಯ ಹಿಟ್ಟಿನ ಡಬ್ಬಿಗಳು ಖಾಲಿಯಾದವು. ಒಂದು ಒರಳು, ಎರಡು ಒನಕೆ. ಒಬ್ಬಳದು ಏಳುವಾಗ ಇನ್ನೊಬ್ಬಳದು ಬೀಳಬೇಕು, ಇಲ್ಲವಾದರೆ ಒನಕೆಗೆ ಒನಕೆ ಬಡಿಯುತ್ತದೆ. ಮೊದಲು ಬಡಿಯಿತು, ಬೈದುಕೊಂಡರು, ಮತ್ತೆ ಎತ್ತಿದರು. ಯಾವಾಗ ಲಯ ಕೂಡಿತೋ ತಿಳಿಯಲಿಲ್ಲ. ಆ ಸದ್ದು, ಅಲೆಯ ಸದ್ದು ಒಂದರೊಳಗೊಂದು ಸೇರಿ ನನಗೆ ಕೂತಲ್ಲೇ ಕಣ್ಣು ಎಳೆಯುತ್ತಿತ್ತು. ನನಗೆ ಲಟ್ಟಿಸುವ ಕೆಲಸ ಮಾತ್ರ ಕೊಟ್ಟರು. ಮಾತು ಒಯ್ಯುವ ಕೆಲಸ ಅಂದಿಗೇ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಪಂಚೆಗಳ ತುಂಬ ಹಪ್ಪಳ, ನೂರು ಚಂದ್ರ ಒಮ್ಮೆಗೇ ಮೂಡಿದ ಹಾಗೆ. ಬುಟ್ಟಿಗೆ ಆಗಿ ಮೂರು ಮನೆಗೂ ಮಿಗುವಷ್ಟು.

ಉಂಡದ್ದು ಮೊಸರನ್ನ, ಮಾವಿನ ಮಿಡಿ. ನಂಚಿಕೊಳ್ಳಲು ಉಳಿದ ಹಸಿ ಹಿಟ್ಟಿನ ಉಂಡೆ, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ. ನೆರಳಿನಲ್ಲಿ ಹಾಸಿದ ಬೇರೊಂದು ಚಾಪೆಯ ಮೇಲೆ ಮೊದಲು ನಿದ್ದೆ ಹೋದವಳು ಧಾರವಾಡದಾಕೆ. ಅವಳಿಗೆ ಬೀಸಣಿಗೆ ಬೀಸುತ್ತಲೇ ದೊಡ್ಡಕ್ಕ ಅದೇ ಚಾಪೆಗೆ ಒರಗಿದಳು, ಬೀಸಣಿಗೆ ಇನ್ನೆರಡು ಸಲ ಆಡಿ ನಿಂತಿತು. ಹಪ್ಪಳ ಮಗುಚುತ್ತಾ ನಾನು ಎಚ್ಚರವಾಗಿದ್ದೆ.